ಮಗಳ ಮನೆಯಲ್ಲಿ ತೊಂಬತ್ತು ದಿನ

ಅತಿಥಿ ಎಂಬ ಸಂಸ್ಕೃತ ಶಬ್ದಕ್ಕೆ ನಮ್ಮ ಹಿರಿಯರು ಹೇಳುತ್ತಿದ್ದ ನಿರ್ವಚನವು ವಾಚಕರಲ್ಲಿ ಅನೇಕರಿಗೆ ತಿಳಿದೇ ಇರುವುದು. ಯಾವನ ಬರವಿಗೆ ಗೊತ್ತಾದ ತಿಥಿಯೆಂಬುದಿಲ್ಲವೋ ಅವನು ಅತಿಥಿ. ಈಚಿನ ಕಾಲದಲ್ಲಿ ಕಡಲಾಚೆ ಸಂಸಾರ ಹೂಡಿರುವ ಮಕ್ಕಳನ್ನು ನೋಡಿಬರಲು ಹೊರಡುವ ತಂದೆತಾಯಿಗಳಾದರೋ ಈ ನಿರ್ವಚನಕ್ಕೆ ತೀರ ವಿರುದ್ಧವಾದ ಅತಿಥಿಗಳು. ಅವರು ಬರುವ ತಿಥಿಯೂ ನಿಶ್ಚಿತ, ಹೊರಡುವ ತಿಥಿಯೂ ನಿಶ್ಚಿತ. ಜರ್ಮನಿ, ಫ್ರಾನ್ಸು ಮೊದಲಾಗಿ ಷೆಂಗೆನ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ನಮ್ಮವರು ಮಕ್ಕಳ ಮನೆಗೆಂದು ಹೋದರೆ, ಯಾವುದೇ ೧೮೦ ದಿನಗಳ ಅವಧಿಯಲ್ಲಿ ೯೦ ದಿನಗಳಿಗೆ ಮೀರಿ ಅಲ್ಲಿರಲಾಗದು. ಗಡಿಯೊಳಗೆ ಕಾಲಿಟ್ಟ ದಿನವೂ ಹೊರಬಿದ್ದ ದಿನವೂ ಈ ಲೆಕ್ಕಕ್ಕೆ ಸೇರುತ್ತವೆ. ೨೦೨೫ರ ಅಕ್ಟೋಬರಿನಿಂದ ಗಡಿಯಲ್ಲಿ ಬೆರಳಚ್ಚನ್ನೂ ಮುಖಚಿತ್ರವನ್ನೂ ಯಂತ್ರದಲ್ಲಿ ದಾಖಲು ಮಾಡುವ ಕ್ರಮವು ಆರಂಭವಾಗಿರುವುದರಿಂದ, ಇನ್ನು ಮುಂದೆ ಈ ಎಣಿಕೆಯಲ್ಲಿ ಒಂದು ದಿನವೂ ಕಣ್ತಪ್ಪುವಂತಿಲ್ಲ.

ಹೀಗೆ ಎಣಿಸಿ ಕೊಟ್ಟ ದಿನಗಳನ್ನು ವಯಸ್ಸಾದವರು ಹೇಗೆ ಕಳೆಯಬೇಕು? ಮಕ್ಕಳ ಮನೆಯಲ್ಲಿ ಮಾನ್ಯ ಅತಿಥಿಗಳಾಗಿ ಕುಳಿತಿರಬೇಕೆ, ಅಥವಾ ಮನೆಯವರಲ್ಲಿ ಒಬ್ಬರಾಗಬೇಕೆ? ಇದು ಇಂದು ನಮ್ಮ ನಾಡಿನ ಅನೇಕ ಸಂಸಾರಗಳ ಪ್ರಶ್ನೆ. ಆದುದರಿಂದ, ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿರುವ ನಮ್ಮ ಮಗಳ ಮನೆಯಲ್ಲಿ ನಾನೂ ನನ್ನ ಗೃಹಿಣಿಯೂ ಏಪ್ರಿಲ್ ಕೊನೆಯಿಂದ ಜುಲೈ ಕೊನೆಯವರೆಗೆ ಇದ್ದು ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇನೆ. ಅರಮನೆ, ಗೋಪುರ, ವಸ್ತುಪ್ರದರ್ಶನಗಳ ವರ್ಣನೆ ಇದರಲ್ಲಿ ಇಲ್ಲ. ಅದಕ್ಕೆ ಬೇರೆ ಪುಸ್ತಕಗಳುಂಟು. ಇದು ಕೇವಲ ನಿತ್ಯಜೀವನದ ಮಾತು.

ಸ್ಟುಟ್‌ಗಾರ್ಟ್ ಜರ್ಮನಿಯ ನೈಋತ್ಯದಲ್ಲಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ರಾಜಧಾನಿ. ಸುತ್ತಲೂ ಗುಡ್ಡ, ನಡುವೆ ಬೋಗುಣಿಯಂತಹ ತಗ್ಗು. ಗುಡ್ಡಗಳ ಓರೆಯಲ್ಲಿ ಊರೊಳಗೇ ದ್ರಾಕ್ಷಿಯ ತೋಟಗಳು. ಒಂದು ಪಕ್ಕದಲ್ಲಿ ನೆಕ್ಕಾರ್ ಎಂಬ ನದಿ. ಆ ನದಿಯ ದಡದ ಬಾಡ್ ಕಾನ್‌ಸ್ಟಾಟ್ ಎಂಬ ಭಾಗದಲ್ಲಿ ಗಾಟ್ಲೀಬ್ ಡೈಮ್ಲರ್ ಎಂಬಾತನು ತನ್ನ ತೋಟದ ಮನೆಯೊಂದರಲ್ಲಿ ಪೆಟ್ರೋಲು ಯಂತ್ರದ ಪ್ರಯೋಗಗಳನ್ನು ಮಾಡಿ ೧೮೮೫ರಲ್ಲಿ ಸಫಲನಾದನು. ಮರು ವರ್ಷ, ಎಂದರೆ ೧೮೮೬ರಲ್ಲಿ, ರಾಬರ್ಟ್ ಬಾಷ್ ಎಂಬಾತನು ಇದೇ ನಗರದಲ್ಲಿ ತನ್ನ ಕಾರ್ಯಾಗಾರವನ್ನು ತೆರೆದನು. ಬೆಂಗಳೂರಿನ ಹಳಬರು ಮೈಕೋ ಎಂದು ಕರೆಯುವ, ೧೯೫೧ರಲ್ಲಿ ಸ್ಥಾಪಿತವಾದ ಕಾರ್ಖಾನೆಯು ಆ ವಂಶದ್ದೇ. ಹೀಗೆ ಬೆಂಗಳೂರಿಗೂ ಸ್ಟುಟ್‌ಗಾರ್ಟಿಗೂ ನಡುವೆ ಯಂತ್ರಶಿಲ್ಪಿಗಳ ಹೋಗುಬರುವು ಬಹುಕಾಲದಿಂದ ಉಂಟು. ನಮ್ಮ ಅಳಿಯನೂ ಆ ದಾರಿಯಲ್ಲಿ ಹೋದವನು. ಮಗಳಿಗೂ ಅಲ್ಲಿ ಉದ್ಯೋಗವಿದೆ. ಮೊಮ್ಮಗನಿಗೆ ಏಳು ವರ್ಷ, ಒಂದನೆಯ ತರಗತಿ.

ಹೊರಡುವವರಿಗೆ ಮೊದಲಿನ ತೊಡಕು ಪೆಟ್ಟಿಗೆಯದು. ತಾಯಿಯಾದವಳು ಮಗಳ ಮನೆಗೆ ಬರಿಗೈಯಲ್ಲಿ ಹೋಗುವಳೆ? ಆದರೆ ಯೂರೋಪಿನ ಒಕ್ಕೂಟದೊಳಕ್ಕೆ ಹೊರಗಿನ ಪ್ರಯಾಣಿಕರು ಹಾಲಿನಿಂದಾದ ಪದಾರ್ಥಗಳನ್ನೂ ಮಾಂಸವನ್ನೂ ತರುವುದು ನಿಷಿದ್ಧ. ಆದುದರಿಂದ ಮನೆಯಲ್ಲಿ ಕಾಸಿದ ತುಪ್ಪವೂ ಧಾರವಾಡದ ಪೇಡವೂ ಇಲ್ಲಿಯೇ ಉಳಿಯಬೇಕು. ಹಣ್ಣು, ತರಕಾರಿ, ಸೊಪ್ಪುಗಳಿಗೆ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಮಾವಿನಹಣ್ಣಿಗೂ ಕರಿಬೇವಿಗೂ ಈ ನಿಯಮ ತಪ್ಪದು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರಗಳಿಗೆ ಮಾತ್ರ ವಿನಾಯಿತಿಯುಂಟು. ಸಾರಿನ ಪುಡಿ, ಮೆಂತ್ಯದ ಹಿಟ್ಟು, ಹಪ್ಪಳ ಇವುಗಳಿಗೆ ಅಡ್ಡಿಯಿಲ್ಲ. ಔಷಧಗಳನ್ನು ಸ್ವಂತದ ಉಪಯೋಗಕ್ಕೆ ಮೂರು ತಿಂಗಳಿಗೆ ಸಾಲುವಷ್ಟು ಒಯ್ಯಬಹುದು. ವೈದ್ಯರ ಚೀಟಿಯನ್ನು, ಔಷಧದ ಮೂಲನಾಮದೊಡನೆ, ಜತೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ವೀಸಾಕ್ಕೆ ಕನಿಷ್ಠ ೩೦,೦೦೦ ಯೂರೋಗಳ ಆರೋಗ್ಯವಿಮೆ ಕಡ್ಡಾಯ. ಮೊದಲಿನಿಂದಲೇ ಇರುವ ರಕ್ತದೊತ್ತಡ, ಸಕ್ಕರೆ ರೋಗ ಇವುಗಳ ಚಿಕಿತ್ಸೆಗೆ ಅನೇಕ ವಿಮೆಗಳು ಹಣ ಕೊಡುವುದಿಲ್ಲವಾದುದರಿಂದ, ವಿಮಾಪತ್ರವನ್ನು ಕೊಳ್ಳುವ ಮುನ್ನವೇ ಸಾವಕಾಶವಾಗಿ ಓದಿಕೊಳ್ಳುವುದು ವಿವೇಕ.

ಅಲ್ಲಿಗೆ ಮುಟ್ಟಿದ ಮೇಲೆ ಮೊದಲು ಬೆರಗುಗೊಳಿಸಿದುದು ಹಗಲಿನ ಉದ್ದ. ನಮ್ಮ ಬೆಂಗಳೂರು ಭೂಮಧ್ಯರೇಖೆಯಿಂದ ೧೩ ಡಿಗ್ರಿ ಉತ್ತರದಲ್ಲಿದ್ದರೆ ಸ್ಟುಟ್‌ಗಾರ್ಟ್ ಸುಮಾರು ೪೯ ಡಿಗ್ರಿಯಲ್ಲಿದೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯನು ಐದೂವರೆಗೆ ಮುಂಚೆಯೇ ಉದಯಿಸಿ, ರಾತ್ರಿ ಒಂಬತ್ತೂವರೆಯ ಸುಮಾರಿಗೆ ಮುಳುಗುತ್ತಾನೆ. ಊಟವಾಗಿ ಬಹಳ ಹೊತ್ತಾದ ಮೇಲೆ ಸಾಯಂಸಂಧ್ಯೆ ಬಂದರೆ ಆಹ್ನಿಕದ ಕ್ರಮವೇನಾಗಬೇಕು? ಗಡಿಯಾರವನ್ನು ನಂಬಬೇಕೋ ಸೂರ್ಯನನ್ನು ನಂಬಬೇಕೋ ಎಂದು ಎರಡು ದಿನ ಯೋಚಿಸಿ, ನಿದ್ರೆಗೆ ಗಡಿಯಾರವನ್ನೂ ಸಂಧ್ಯೆಗೆ ಸೂರ್ಯನನ್ನೂ ನಂಬುವುದೆಂದು ತೀರ್ಮಾನಿಸಿದೆನು. ಅಡಿಗೆಮನೆಯಲ್ಲಿ ನನ್ನ ಗೃಹಿಣಿಗೆ ಬಂದ ಸಮಸ್ಯೆ ಬೇರೆಯ ತರಹದ್ದು. ಆ ರಾಜ್ಯದಲ್ಲಿ ಮಲಗುವ ಕೋಣೆಗಳಲ್ಲಿಯೂ ಅವುಗಳಿಂದ ಹೊರಬರುವ ಓಣಿಯಲ್ಲಿಯೂ ಹೊಗೆಯನ್ನು ಕಂಡರೆ ಕೂಗಿಕೊಳ್ಳುವ ಯಂತ್ರವಿರಬೇಕೆಂದು ಕಾನೂನಿದೆ. ಒಣಮೆಣಸಿನಕಾಯಿಯ ಒಗ್ಗರಣೆಗೂ ಮನೆ ಹೊತ್ತಿದ ಹೊಗೆಗೂ ಅದು ಭೇದವೆಣಿಸದು. ಅಡಿಗೆಮನೆಯ ಬಾಗಿಲನ್ನು ಮುಚ್ಚಿ ಕಿಟಕಿಯನ್ನು ತೆರೆದು ಒಗ್ಗರಣೆ ಹಾಕುವ ಶಾಸ್ತ್ರವನ್ನು ಮಗಳೇ ತಾಯಿಗೆ ಉಪದೇಶಿಸಿದಳು.

ಇವೆಲ್ಲವೂ ಚಿಕ್ಕ ತೊಡಕುಗಳು. ನಾಲ್ಕು ದಿನದಲ್ಲಿ ಅಭ್ಯಾಸವಾಗತಕ್ಕವು. ನಿಜವಾದ ಕಷ್ಟವು ಬಂದುದು ಪ್ರೀತಿಯ ರೂಪದಿಂದ. “ಅಪ್ಪಾ, ನೀವು ಜೀವಮಾನವೆಲ್ಲಾ ದುಡಿದಿದ್ದೀರಿ. ಇಲ್ಲಿ ಏನೂ ಮಾಡಬೇಡಿ, ಆರಾಮವಾಗಿ ಇರಿ” ಎಂದು ಮಗಳು ಬೆಳಿಗ್ಗೆ ಎಂಟು ಗಂಟೆಗೆ ಹೇಳಿ ಹೊರಟರೆ, ಸಂಜೆ ಐದರವರೆಗೆ ಮನೆಯಲ್ಲಿ ನಾವಿಬ್ಬರೇ. ಬೀದಿಯಲ್ಲಿ ತರಕಾರಿಯವನ ಕೂಗಿಲ್ಲ, ಬಾಗಿಲಿಗೆ ಬರುವ ನೆರೆಯವರಿಲ್ಲ, ಕನ್ನಡದ ಪತ್ರಿಕೆ ಕೈಯಲ್ಲಿ ಮಡಿಚಿ ಓದುವ ಹಾಗಿಲ್ಲ. ಕಿಟಕಿಯ ಬಳಿ ಕುಳಿತು ಟ್ರಾಮು ಬಂಡಿಗಳನ್ನು ಎಣಿಸುವುದು ಎಷ್ಟು ದಿನದ ಕಾಲಕ್ಷೇಪ? ಹೆಣ್ಣು ಕೊಟ್ಟ ಮನೆಯಲ್ಲಿ ಬಹುದಿನ ನಿಲ್ಲಬಾರದೆಂಬ ಹಳೆಯ ಸಂಕೋಚವೂ ನಮ್ಮ ಪೀಳಿಗೆಯವರಲ್ಲಿ ಪೂರ್ತಿಯಾಗಿ ಹೋಗಿಲ್ಲ. ಸುಮ್ಮನೆ ಕುಳಿತು ಉಣ್ಣುವವನಿಗೆ ಆ ಸಂಕೋಚ ಇಮ್ಮಡಿಸುತ್ತದೆ. ಇದಕ್ಕಿಂತಲೂ ಮನಸ್ಸನ್ನು ಕಲಕಿದುದು ಮತ್ತೊಂದು. ಮೊಮ್ಮಗನಿಗೆ ನಾವು ಹೇಳಿದ ಕನ್ನಡವೆಲ್ಲವೂ ಅರ್ಥವಾಗುತ್ತಿತ್ತು; ಆದರೆ ಅವನು ಉತ್ತರ ಕೊಡುತ್ತಿದ್ದುದು ಜರ್ಮನ್ ಭಾಷೆಯಲ್ಲಿ. ಅವನು ಹೇಳಿದುದು ನಮಗೆ ತಿಳಿಯದೆ, ನಾವು ನಗುವುದನ್ನು ನೋಡಿ ಅವನೂ ನಕ್ಕು ತನ್ನ ಆಟಕ್ಕೆ ಹೋಗಿಬಿಡುವನು. ತೊಂಬತ್ತರಲ್ಲಿ ಹತ್ತು ಹನ್ನೆರಡು ದಿನಗಳು ಹೀಗೆಯೇ ಸಂದುವು.

ಈ ಸ್ಥಿತಿಯಿಂದ ನಮ್ಮನ್ನು ಪಾರುಮಾಡಿದುದು ಒಂದು ಸಣ್ಣ ಹಲಗೆ. ಒಂದು ದಿನ ಸಂಜೆ ಮನೆಯ ಹೊರಬಾಗಿಲಿನ ಹಿಡಿಯಲ್ಲಿ ದಾರದಿಂದ ತೂಗುಹಾಕಿದ್ದ ಹಲಗೆಯನ್ನು ಕಂಡು ಇದೇನೆಂದು ಕೇಳಲು, ಮಗಳು ನಗುತ್ತಾ “ಈ ವಾರ ನಮ್ಮ ಸರದಿ” ಎಂದಳು. ಅದನ್ನು ಆ ಸೀಮೆಯವರು ಕೇರ್‌ವೋಖೆ ಎನ್ನುತ್ತಾರೆ. ‘ಗುಡಿಸುವ ವಾರ’ ಎಂದು ಅರ್ಥ. ಹಲವು ಸಂಸಾರಗಳಿರುವ ಕಟ್ಟಡದಲ್ಲಿ ವಾರಕ್ಕೆ ಒಬ್ಬರಂತೆ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಇವುಗಳನ್ನು ಶುಚಿಮಾಡಬೇಕು; ಮುಗಿದೊಡನೆ ಹಲಗೆಯು ಪಕ್ಕದ ಮನೆಯ ಬಾಗಿಲಿಗೆ ಹೋಗುತ್ತದೆ. ಈ ಪದ್ಧತಿಯ ಮೂಲವನ್ನು ೧೪೯೨ರ ನಗರಶಾಸನದಲ್ಲಿ ಹುಡುಕುತ್ತಾರೆ. ಅದನ್ನು ಹೊರಡಿಸಿದವನು ಎಬರ್‌ಹಾರ್ಡ್ ಎಂಬ ದೊರೆ; ಹದಿನೈದು ವರ್ಷಗಳ ಮುಂಚೆ, ೧೪೭೭ರಲ್ಲಿ, ಟ್ಯೂಬಿಂಗೆನ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವನೂ ಅವನೇ. ವಿದ್ಯಾಪೀಠವನ್ನು ಕಟ್ಟಿದವನೇ ಬೀದಿ ಗುಡಿಸುವುದಕ್ಕೂ ಕಟ್ಟಳೆ ಮಾಡಿದನೆಂಬುದು ನನಗೆ ಬಹಳ ಹಿಡಿಸಿತು. ಬೆಳಗಾಗೆದ್ದು ಮನೆಯ ಮುಂದೆ ಗುಡಿಸಿ, ಸಾರಿಸಿ, ರಂಗವಲ್ಲಿ ಇಡುವ ನಾಡಿನಿಂದ ಬಂದ ನಮಗೆ ಇದು ಪರಕೀಯವಾಗಿ ತೋರಲಿಲ್ಲ. “ಈ ಕೆಲಸ ನನ್ನದು” ಎಂದು ಹೇಳಿದೆನು. ಮಗಳು ಒಪ್ಪಲಿಲ್ಲ. “ನೋಡಿದವರು ಏನೆಂದಾರು? ಅಪ್ಪನ ಕೈಲಿ ಮೆಟ್ಟಿಲು ಗುಡಿಸುತ್ತಾಳೆ ಎನ್ನುವುದಿಲ್ಲವೆ?” ಎಂದಳು. ಅದಕ್ಕೆ ನನ್ನ ಗೃಹಿಣಿಯು, “ನೀನು ಚಿಕ್ಕವಳಾಗಿದ್ದಾಗ ನಮ್ಮ ಮನೆಯ ಬಾವಿಯಿಂದ ನೀರು ಸೇದಿದವರು ಯಾರು? ಆಗ ಯಾರಾದರೂ ಏನಾದರೂ ಅಂದರೆ?” ಎಂದು ಕೇಳಿದಳು. ಅಲ್ಲಿಗೆ ವಾದ ಮುಗಿಯಿತು.

ಶನಿವಾರ ಮಧ್ಯಾಹ್ನ ಪೊರಕೆ, ಬಕೆಟ್ಟುಗಳೊಡನೆ ಮೆಟ್ಟಿಲಿಗೆ ಇಳಿದಾಗ ಆ ಕಟ್ಟಡದಲ್ಲಿ ಅದುವರೆಗೆ ಮುಖ ಕಾಣದಿದ್ದವರೆಲ್ಲರ ಮುಖವೂ ಕಂಡಿತು. ಅಲ್ಲಿನವರು ಎದುರಾದವರಿಗೆ ಹೇಳುವ ನಮಸ್ಕಾರದ ಮಾತು ‘ಗ್ರ್ಯೂಸ್ ಗಾಟ್’. ದೇವರು ನಿನ್ನನ್ನು ಹರಸಲಿ ಎಂಬಂಥ ಭಾವ. ನಾನೂ ಅದನ್ನೇ ಹೇಳಿದೆನು. ಮೂರನೆಯ ಅಂತಸ್ತಿನಲ್ಲಿ ಎಂಬತ್ತು ದಾಟಿದ ಒಬ್ಬ ಮುದುಕಿ ಒಂಟಿಯಾಗಿದ್ದಾಳೆ. ತರಕಾರಿಯ ಚೀಲವನ್ನು ತಾನೇ ಹೊತ್ತು ಮೆಟ್ಟಿಲು ಹತ್ತುತ್ತಾಳೆ. ಹಿಡಿದುಕೊಳ್ಳಲು ಹೋದರೆ ಬೇಡವೆನ್ನುತ್ತಾಳೆ. ಅವಳು ನಿಂತು, ನಾನು ಗುಡಿಸುವುದನ್ನು ನೋಡಿ, ಮೂಲೆಯೊಂದನ್ನು ಬೆರಳಿನಿಂದ ತೋರಿಸಿದಳು, ಅಲ್ಲಿಯೂ ಗುಡಿಸಿದೆನು. ತಲೆದೂಗಿದಳು. ಮುಂದಿನ ವಾರ ಮೊಮ್ಮಗನು ಜತೆಯಲ್ಲಿದ್ದಾಗ ಅವನ ಮೂಲಕ ಮಾತುಕತೆಯಾಯಿತು. ಎಷ್ಟು ದಿನ ಇರುತ್ತೀರೆಂದು ಕೇಳಿದಳು. ತೊಂಬತ್ತು ದಿನವೆಂದೆನು. ಎಷ್ಟು ಕಡಮೆ ಎಂದು ಅವಳು ಮರುಗುವಳೆಂದು ನಾನು ಎಣಿಸಿದ್ದರೆ, ಅವಳು “ತೊಂಬತ್ತು ದಿನವೆ! ನನ್ನ ಮಗ ಹ್ಯಾಂಬರ್ಗಿನಲ್ಲಿದ್ದಾನೆ. ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಬರುತ್ತಾನೆ” ಎಂದಳು. ಅದರಲ್ಲಿ ದೂರಿನ ಧ್ವನಿ ಇರಲಿಲ್ಲ. ಲೆಕ್ಕ ಹೇಳಿದ ಹಾಗಿತ್ತು. ಮಕ್ಕಳನ್ನು ಒಂದೇ ದೇಶದಲ್ಲಿ ಇಟ್ಟುಕೊಂಡವರಿಗೂ ಮಕ್ಕಳು ದೂರವಾಗಬಲ್ಲರು ಎಂಬುದು ನನಗೆ ಆ ಮೆಟ್ಟಿಲ ಮೇಲೆ ಗೋಚರವಾಯಿತು. ಅಂದಿನಿಂದ ನನ್ನ ಗೃಹಿಣಿಯು ಉಪ್ಪಿಟ್ಟು ಮಾಡಿದಾಗಲೆಲ್ಲ ಒಂದು ಬಟ್ಟಲು, ಖಾರ ಕಡಮೆಯಾಗಿ, ಮೂರನೆಯ ಅಂತಸ್ತಿಗೆ ಹೋಗತೊಡಗಿತು. ಬಟ್ಟಲು ಬರಿದಾಗಿ ಹಿಂದಿರುಗುತ್ತಿರಲಿಲ್ಲ. ಅದರಲ್ಲಿ ಚೆರಿ ಹಣ್ಣು ಬರುತ್ತಿತ್ತು.

ಒಂದು ಕೆಲಸ ಕೈಗೆ ಬಂದಮೇಲೆ ಉಳಿದವು ತಾವೇ ಬಂದವು. ಕಸವನ್ನು ಬೇರ್ಪಡಿಸುವುದು ಅಲ್ಲಿ ಒಂದು ವಿದ್ಯೆ. ಕಾಗದಕ್ಕೆ ಒಂದು ಡಬ್ಬಿ, ತರಕಾರಿಯ ಸಿಪ್ಪೆಗೆ ಒಂದು, ಪೊಟ್ಟಣಗಳಿಗೆ ಹಳದಿಯದೊಂದು, ಮಿಕ್ಕುದಕ್ಕೆ ಮತ್ತೊಂದು. ಗಾಜಿನ ಸೀಸೆಗಳನ್ನಾದರೋ ಬಿಳಿ, ಕಂದು, ಹಸಿರು ಎಂದು ಬಣ್ಣದಂತೆ ವಿಂಗಡಿಸಿ ಬೀದಿಯ ತೊಟ್ಟಿಗೆ ಹಾಕಬೇಕು; ಅದನ್ನೂ ಭಾನುವಾರ ಹಾಕಕೂಡದು, ಸದ್ದಾಗುತ್ತದೆ. ಪಾನೀಯದ ಪ್ಲಾಸ್ಟಿಕ್ಕು ಬಾಟಲಿಗೆ ಅಂಗಡಿಯವರು ಮೊದಲೇ ೨೫ ಸೆಂಟು ಠೇವಣಿ ಹಿಡಿದಿರುತ್ತಾರೆ. ಬರಿದಾದುದನ್ನು ಅಂಗಡಿಯ ಯಂತ್ರದ ಬಾಯಿಗೆ ಕೊಟ್ಟರೆ ಅದು ಚೀಟಿಯನ್ನು ಕೊಡುತ್ತದೆ, ಚೀಟಿಗೆ ಹಣ. ೨೦೦೩ರಲ್ಲಿ ಈ ಕ್ರಮ ಬಂದಿತು. ನಾಲ್ಕು ಬಾಟಲಿಗೆ ಒಂದು ಯೂರೋ ಎಂದು ಮೊಮ್ಮಗನು ಬೆರಳು ಮಡಿಚಿ ಗುಣಾಕಾರ ಕಲಿತುದು ಈ ಯಂತ್ರದ ಮುಂದೆ. ಭಾನುವಾರಗಳಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಭಾನುವಾರದ ವಿಶ್ರಾಂತಿಗೆ ೧೯೧೯ರ ವೈಮಾರ್ ಸಂವಿಧಾನವು ಕೊಟ್ಟ ರಕ್ಷಣೆಯನ್ನು ೧೯೪೯ರ ಸಂವಿಧಾನವೂ ಹಾಗೆಯೇ ಉಳಿಸಿಕೊಂಡಿದೆ. ಅಂದು ಗೋಡೆಗೆ ಮೊಳೆ ಹೊಡೆಯುವವರಿಲ್ಲ, ಹುಲ್ಲು ಕತ್ತರಿಸುವ ಯಂತ್ರದ ಶಬ್ದವಿಲ್ಲ. ನಮ್ಮ ಕಡೆಯಿಂದ ಹೋದವರಿಗೆ ಮೊದಲೆರಡು ಭಾನುವಾರಗಳು ಮಂಕಾಗಿ ತೋರುವುದುಂಟು. ಆದರೆ ವಾರದ ಆರು ದಿನವೂ ಓಡುವ ಮಗಳು ಅಳಿಯಂದಿರು ಮಧ್ಯಾಹ್ನದ ಊಟವನ್ನು ನಮ್ಮೊಡನೆ ಗಡಿಯಾರ ನೋಡದೆ ಉಂಡುದು ಆ ದಿನಗಳಲ್ಲಿ ಮಾತ್ರವೆಂಬುದನ್ನು ನಾನು ಹೇಳಲೇಬೇಕು.

ಹೊರಗೆ ಹೋಗಿಬರುವುದರಲ್ಲಿ ಸ್ವಾಧೀನನಾಗುವುದು ವೃದ್ಧನಿಗೆ ಔಷಧಕ್ಕಿಂತ ಹಿತ. ಈ ವಿಷಯದಲ್ಲಿ ಜರ್ಮನಿಯ ನಗರಗಳು ಉಪಕಾರಿಗಳು. ಮನೆಯಿಂದ ಕೆಲವು ನಿಮಿಷ ನಡೆದರೆ ಟ್ರಾಮು, ಟ್ರಾಮಿನಿಂದ ರೈಲು. ೨೦೨೩ರ ಮೇ ತಿಂಗಳಲ್ಲಿ ಅಲ್ಲಿನ ಸರಕಾರವು ತಿಂಗಳಿಗೆ ೪೯ ಯೂರೋಗಳಿಗೆ ದೇಶದ ಎಲ್ಲ ಪ್ರಾಂತೀಯ ರೈಲು, ಟ್ರಾಮು, ಬಸ್ಸುಗಳಲ್ಲಿ ಸಂಚರಿಸಬಹುದಾದ ಟಿಕೆಟನ್ನು ಆರಂಭಿಸಿತು. ಬೆಲೆಯು ಆಮೇಲೆ ಏರಿದ್ದರೂ, ದಿನಾಲು ತಿರುಗುವವನಿಗೆ ಅದು ಲಾಭಕರವೇ. ಅಳಿಯನು ನನಗೆ ಅದನ್ನು ಕೊಡಿಸಿ, ತುರ್ತು ಸಹಾಯಕ್ಕೆ ೧೧೨ ಎಂದೂ, ರಾತ್ರಿ ರಜಾ ಹೊತ್ತಿನಲ್ಲಿ ವೈದ್ಯರು ಬೇಕಾದರೆ ೧೧೬ ೧೧೭ ಎಂದೂ ಒಂದು ಚೀಟಿಯಲ್ಲಿ ಬರೆದು, ಮನೆಯ ವಿಳಾಸದೊಡನೆ ನನ್ನ ಜೇಬಿನಲ್ಲಿಟ್ಟನು. ಆ ಚೀಟಿ ಇದ್ದುದರಿಂದಲೇ ನನಗೆ ಧೈರ್ಯ. ದಾರಿ ದಾಟುವಲ್ಲಿ ಒಂದು ನೀತಿಯನ್ನು ಕಂಡೆನು. ಬೀದಿ ಬರಿದಾಗಿದ್ದರೂ, ಕೆಂಪು ದೀಪವಿರುವಾಗ ಪಕ್ಕದಲ್ಲಿ ಮಗುವೊಂದು ನಿಂತಿದ್ದರೆ ದೊಡ್ಡವರು ದಾಟುವುದಿಲ್ಲ. ಏಕೆಂದರೆ ಅಲ್ಲಿ ಆರೇಳು ವರ್ಷದ ಮಕ್ಕಳು ತಾವಾಗಿಯೇ ಶಾಲೆಗೆ ನಡೆದು ಹೋಗುತ್ತವೆ. ದೊಡ್ಡವರ ನಡತೆಯೇ ಅವಕ್ಕೆ ಪಾಠ. ಮೂವತ್ತು ವರ್ಷಕ್ಕೆ ಮಿಕ್ಕು ಪಾಠ ಹೇಳಿದ ನಾನು ಆ ಕಂಬದ ಕೆಳಗೆ ನಿಂತಾಗಲೆಲ್ಲ, ಉಪಾಧ್ಯಾಯನ ಕೆಲಸವನ್ನು ಒಂದು ಊರೇ ಹಂಚಿಕೊಂಡಂತಿದೆಯಲ್ಲಾ ಎಂದುಕೊಳ್ಳುತ್ತಿದ್ದೆನು.

ಇನ್ನು ಮೊಮ್ಮಗನ ಮಾತಿಗೆ ಬರುತ್ತೇನೆ. ಅವನಿಗೆ ಕನ್ನಡವನ್ನು ಪಾಠವಾಗಿ ಹೇಳಹೊರಟರೆ ಅದು ಎರಡನೆಯ ಶಾಲೆಯಾಗಿ, ಅಜ್ಜನು ಎರಡನೆಯ ಮೇಷ್ಟ್ರಾಗಿ, ಹುಡುಗನು ಓಡಿಹೋಗುವುದು ನಿಶ್ಚಯ. ಆದುದರಿಂದ ವ್ಯಾಪಾರದ ಮಾರ್ಗವನ್ನು ಹಿಡಿದೆನು. ಅವನು ನನಗೆ ಒಂದು ಜರ್ಮನ್ ಮಾತನ್ನು ಕೊಡಬೇಕು, ನಾನು ಅವನಿಗೆ ಒಂದು ಕನ್ನಡದ ಮಾತನ್ನು ಕೊಡಬೇಕು, ದಿನಕ್ಕೆ ಐದು. ಮಾರನೆಯ ದಿನ ಮರೆತವನು ಬಾಟಲಿಗಳನ್ನು ಹೊರಬೇಕು. ಮೂಗಿಗೆ ಏನೆನ್ನುತ್ತೀರೆಂದರೆ ‘ನಾಸೆ’ ಎಂದನು, ಸಂಸ್ಕೃತದ ನಾಸಾ! ಇಲಿಗೆ ‘ಮೌಸ್’ ಎಂದನು, ಮೂಷಕ. ಮಗಳಿಗೆ ‘ಟಾಖ್ಟರ್’, ದುಹಿತೃ. ಮಂಡಿಗೆ ‘ಕ್ನೀ’, ಜಾನು. ಮೂರಕ್ಕೆ ‘ದ್ರೈ’, ತ್ರಿ. ಒಂಬತ್ತಕ್ಕೆ ‘ನಾಯ್ನ್’, ನವ. ಈ ಭಾಷೆಗಳೆರಡೂ ಒಂದೇ ಮೂಲದಿಂದ ಕವಲೊಡೆದವೆಂಬುದನ್ನು ವಿದ್ಯಾರ್ಥಿಯಾಗಿದ್ದಾಗ ಪುಸ್ತಕದಲ್ಲಿ ಓದಿದ್ದೆನು. ಈಗ ಅದು ಹಾಲುಹಲ್ಲು ಬಿದ್ದ ಬಾಯಿಂದ ಕೇಳಿಬಂದಿತು. ಆದರೆ ಒಂದು ವಿಚಾರವೂ ಹೊಳೆಯಿತು. ಸಂಸ್ಕೃತವು ಅವನ ಜರ್ಮನಿಗೆ ದಾಯಾದಿ. ಎಂದಾದರೂ ಅವನು ವಿಶ್ವವಿದ್ಯಾಲಯಕ್ಕೆ ಹೋದರೆ ಅಲ್ಲಿ ಕಲಿತಾನು. ಮೂಗು, ಇಲಿ, ಮಗಳು, ಮಂಡಿ, ಮೂರು, ಒಂಬತ್ತು ಎಂಬ ಮಾತುಗಳು ಬೇರೊಂದು ಬಳಗದವು. ಮನೆಯಲ್ಲಿ ಸಿಕ್ಕದಿದ್ದರೆ ಅವನಿಗೆ ಬಾಳಿನಲ್ಲಿ ಮತ್ತೆಲ್ಲಿಯೂ ಸಿಕ್ಕುವಂತಿಲ್ಲ. ಅಂದಿನಿಂದ ನಾನು ಅವನಿಗೆ ಕೊಟ್ಟುದೆಲ್ಲವೂ ಅಚ್ಚಗನ್ನಡದ ಮಾತುಗಳನ್ನು.

ಈ ಶಬ್ದವ್ಯಾಪಾರದ ನಡುವೆ ಒಂದು ಶನಿವಾರ ಅಳಿಯನು ನಮ್ಮನ್ನು ಟ್ಯೂಬಿಂಗೆನ್ ಪಟ್ಟಣಕ್ಕೆ ಕರೆದುಕೊಂಡು ಹೋದನು. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಲ್ಲಿಯೂ ನೆಕ್ಕಾರ್ ನದಿಯೇ. ಸಂಸ್ಕೃತವನ್ನು ಓದಿದವನಿಗೆ ಇದು ಕ್ಷೇತ್ರವೆನ್ನಬೇಕು. ಪೀಟರ್ಸ್‌ಬರ್ಗಿನ ಮಹಾಕೋಶವೆಂದು ಹೆಸರಾದ ಸಂಸ್ಕೃತ ನಿಘಂಟನ್ನು ಬೋಟ್ಲಿಂಕ್ ಎಂಬ ಪಂಡಿತನೊಡನೆ ರಚಿಸಿ ೧೮೭೫ರಲ್ಲಿ ಮುಗಿಸಿದ ರುಡಾಲ್ಫ್ ರೋತ್ ಇಲ್ಲಿಯ ಅಧ್ಯಾಪಕನೂ ಗ್ರಂಥಪಾಲಕನೂ ಆಗಿದ್ದವನು. ಕನ್ನಡಿಗನಿಗಾದರೋ ಇದು ಇನ್ನೂ ಹತ್ತಿರದ ಊರು. ನಮ್ಮ ನುಡಿಗೆ ಮಹಾನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ೧೯೦೩ರಲ್ಲಿ ತೀರಿಕೊಂಡುದು ಇಲ್ಲಿಯೇ. ೧೮೯೬ರಲ್ಲಿ ಅವನಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟುದೂ ಇಲ್ಲಿಯ ವಿಶ್ವವಿದ್ಯಾಲಯವೇ. ಮಗಳ ಮನೆಯಿಂದ ರೈಲಿನಲ್ಲಿ ಕಾಲುಗಂಟೆಯ ಆಚೆ ಇರುವ ಎಸ್ಲಿಂಗೆನ್‌ನಲ್ಲಿ, ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ತನ್ನ ಕೊನೆಗಾಲವನ್ನು ಕಳೆದು ೧೮೮೧ರಲ್ಲಿ ಕಾಲವಾದನು.

ನದಿಯ ಸೇತುವೆಯ ಮೇಲೆ ನಿಂತು ಈ ಕಥೆಯನ್ನು ಹುಡುಗನಿಗೆ ಹೇಳಿದೆನು. ಕಿಟ್ಟೆಲ್ ೧೮೫೩ರಲ್ಲಿ ನಮ್ಮ ನಾಡಿಗೆ ಬಂದಾಗ ಅವನಿಗೆ ಇಪ್ಪತ್ತೊಂದು ವರ್ಷ. ಸುಮಾರು ೭೦,೦೦೦ ಶಬ್ದಗಳ ಆ ಕೋಶವು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದುದು ೧೮೯೪ರಲ್ಲಿ. “ಹಾಗಾದರೆ ಆಗ ಅವನಿಗೆ ಎಷ್ಟು ವರ್ಷ?” ಎಂದು ಕೇಳಿದೆನು. ಹುಡುಗನು ಜನನವರ್ಷ ಯಾವುದೆಂದನು. ೧೮೩೨ ಎಂದೆನು. ಬಹಳ ಹೊತ್ತು ಬೆರಳು ಮಡಿಚಿ, ತಂದೆಯ ನೆರವಿನಿಂದ, ಅರವತ್ತೆರಡು ಎಂದು ಕನ್ನಡದಲ್ಲಿ ಹೇಳಿದನು. ಅವನ ಬಾಯಿಂದ ನಾನು ಕೇಳಿದ ಅತಿ ದೊಡ್ಡ ಕನ್ನಡ ಸಂಖ್ಯೆ ಅದು. ನನಗಿಂತ ಒಂದೆರಡು ವರ್ಷ ಹಿರಿಯನಾಗಿದ್ದಾಗ ಅವನು ಆ ಕೆಲಸವನ್ನು ಮುಗಿಸಿದನು. ಅಲ್ಲಿಗೂ ನಿಲ್ಲದೆ, ೧೯೦೩ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದನು. ಅರವತ್ತಾದ ಮೇಲೆ ಹೊಸ ಭಾಷೆ ಹತ್ತುವುದಿಲ್ಲವೆಂದು ಹೇಳುವ ನಮ್ಮಂಥವರು ಇದನ್ನು ನೆನೆಯಬೇಕು. ಅವನಷ್ಟು ವಿದ್ಯೆ ನಮಗೆ ಬೇಕಾಗಿಲ್ಲ. ರೊಟ್ಟಿಯಂಗಡಿಯಲ್ಲಿ ಎರಡು ಮಾತು, ನೆರೆಯವರಿಗೆ ಒಂದು ನಮಸ್ಕಾರ, ಔಷಧದಂಗಡಿಯಲ್ಲಿ ನೋವಿರುವ ಅಂಗದ ಹೆಸರು ಇಷ್ಟಾದರೆ ಸಾಕು. ಆ ಇಷ್ಟರಿಂದಲೇ ಊರು ಅಪರಿಚಿತವಾಗಿ ಉಳಿಯುವುದಿಲ್ಲ.

ಜುಲೈ ಕೊನೆಗೆ ಶಾಲೆಗೆ ಬೇಸಗೆಯ ರಜೆ ಬಂದಿತು. ನಮ್ಮ ದಿನಗಳೂ ಮುಗಿದುವು. ಕೊನೆಯ ವಾರದಲ್ಲಿ ಮಗಳು, “ನೀವಿಬ್ಬರೂ ಇಲ್ಲಿಯೇ ಇದ್ದುಬಿಡುವಂತಿದ್ದರೆ” ಎಂದ ಮಾತನ್ನು ಪೂರ್ತಿ ಮಾಡಲಿಲ್ಲ. ತಂದೆತಾಯಿಗಳು ಅಲ್ಲಿಯೇ ನೆಲಸುವುದಕ್ಕೆ ಕಾನೂನು ಸುಲಭವಾಗಿ ಎಡೆಗೊಡುವುದಿಲ್ಲ. ವಯಸ್ಸಾದವರ ಆರೋಗ್ಯವಿಮೆಯ ತೊಡಕೂ ದೊಡ್ಡದು. ಅವೆಲ್ಲ ಸರಿಹೋದರೂ, ನಮ್ಮ ಊರಿನ ಮನೆ, ತೋಟ, ಮಾತನಾಡಿಸುವ ನೆರೆಹೊರೆ ಇವುಗಳನ್ನು ಬಿಟ್ಟು ಬೇರೂರುವುದು ಈ ವಯಸ್ಸಿಗೆ ಆಗದ ಕೆಲಸವೆಂದು ನನ್ನ ಗೃಹಿಣಿಯ ನಿರ್ಣಯ. ನನ್ನದೂ ಅದೇ. ಆದರೆ ಮಗಳ ಆ ಅರ್ಧ ಮಾತಿಗೆ ಉತ್ತರ ಕೊಡದಿರುವುದು ಸರಿಯಲ್ಲವೆಂದು, “ದೇಹದಲ್ಲಿ ಶಕ್ತಿ ಇರುವವರೆಗೆ ವರ್ಷಕ್ಕೊಮ್ಮೆ ಬರುತ್ತೇವೆ, ನಮ್ಮ ಪಾಲಿನ ಮೆಟ್ಟಿಲನ್ನು ಉಳಿಸಿರು” ಎಂದು ಹೇಳಿದೆನು. ಅವಳು ನಗುತ್ತಾ ಕಣ್ಣೊರೆಸಿಕೊಂಡಳು.

ಇಂಥ ಪ್ರಯಾಣಕ್ಕೆ ಸಿದ್ಧರಾಗುತ್ತಿರುವ ಗೃಹಸ್ಥರಿಗೆ ಎರಡು ಮಾತು, ಅವರ ಮಕ್ಕಳಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಹಿರಿಯರು ಹೋದ ಮೊದಲ ವಾರದಲ್ಲಿಯೇ ಮನೆಯ ನಿತ್ಯದ ಕೆಲಸದಲ್ಲಿ ಒಂದನ್ನು, ಅದು ಎಷ್ಟೇ ಚಿಕ್ಕದಾಗಲಿ, ಕೇಳಿ ತೆಗೆದುಕೊಳ್ಳಬೇಕು. ಎರಡನೆಯದಾಗಿ, ಯಾರ ನೆರವೂ ಇಲ್ಲದೆ ಹೋಗಿ ಹಿಂದಿರುಗಬಲ್ಲ ಒಂದು ದಾರಿಯನ್ನು ಕಲಿಯಬೇಕು. ಮಕ್ಕಳಾದರೋ ತಂದೆತಾಯಿಗಳಿಗೆ ಏನೂ ಮಾಡಬೇಡಿರೆಂದು ಹೇಳುವುದೇ ಸೇವೆಯೆಂದು ತಿಳಿಯಬಾರದು. ಕೆಲಸವಿಲ್ಲದವನಿಗೆ ಮನೆಯಲ್ಲಿ ಜಾಗವಿದ್ದರೂ ನೆಲೆಯಿರುವುದಿಲ್ಲ. ಹಾಗೆಯೇ, ಮೊಮ್ಮಕ್ಕಳ ಕನ್ನಡದ ಭಾರವನ್ನು ಅಜ್ಜ ಅಜ್ಜಿಯರ ಮೇಲೆ ಹೊರಿಸಿ ನಿಶ್ಚಿಂತರಾಗಲೂ ಬಾರದು. ನಾವು ಕೊಡಬಲ್ಲುದು ವರ್ಷದಲ್ಲಿ ಹೆಚ್ಚೆಂದರೆ ತೊಂಬತ್ತು ದಿನ. ನಾವು ಹೊರಡುವಾಗ ಹುಡುಗನ ಬಳಿ ಮುನ್ನೂರಕ್ಕೆ ಹತ್ತಿರ ಮಾತುಗಳಿದ್ದುವು. ಅವು ಬೆಳೆಯುವುದೂ ಬಾಡುವುದೂ ಉಳಿದ ೨೭೫ ದಿನಗಳಲ್ಲಿ ಆ ಮನೆಯವರು ಯಾವ ನುಡಿಯಲ್ಲಿ ಊಟಕ್ಕೆ ಕರೆಯುತ್ತಾರೆಂಬುದನ್ನು ಅವಲಂಬಿಸಿದೆ. ರಾತ್ರಿಯ ಊಟವೊಂದನ್ನಾದರೂ ಕನ್ನಡದಲ್ಲಿ ಉಣ್ಣಿರೆಂದು ಮಗಳಿಗೂ ಅಳಿಯನಿಗೂ ಹೇಳಿ ಬಂದಿದ್ದೇನೆ. ಉಣ್ಣುತ್ತಿದ್ದೇವೆಂದು ಅವರು ಬರೆಯುತ್ತಾರೆ.